ಇಂಧನಕೋಶದ ಪೊರೆ: ಅದರ ಪೂರ್ವೋತ್ತರ

ಇಂಧನಕೋಶದ ಚರಿತ್ರೆಯನ್ನು ಬರೆಯುವವರು ವಿಲಿಯಂ ರಾಬರ್ಟ್ ಗ್ರೋವನೊಬ್ಬನನ್ನೇ ಅದರ ಜನಕನೆಂದು ಹೇಳಿ ಮುಂದೆ ಸಾಗುವುದುಂಟು. ಇದು ಅರ್ಧಸತ್ಯವು. ಜಲಜನಕ, ಆಮ್ಲಜನಕಗಳ ಸಂಯೋಗದಿಂದ ವಿದ್ಯುತ್ತು ಹುಟ್ಟುವುದೆಂಬುದನ್ನು ಬಾಸೆಲ್ ನಗರದ ಷೋನ್‌ಬೈನನೂ ಅದೇ 1839ರ ಆದಿಯಲ್ಲಿ ಪ್ರಕಟಿಸಿದ್ದನು. ಗ್ರೋವನಿಗೆ ಸಲ್ಲತಕ್ಕ ವಿಶೇಷ ಮಾನವು, 1842ರಲ್ಲಿ ಅನೇಕ ಕೋಶಗಳನ್ನು ಜೋಡಿಸಿ ಉಪಕರಣವನ್ನೇ ರಚಿಸಿದುದಕ್ಕೆ.

ಆದರೆ ಜನಕನಾರೆಂಬ ವಾದಕ್ಕಿಂತಲೂ, ಎರಡು ವಾಯುಗಳ ನಡುವೆ ನಿಂತ ವಸ್ತು ಯಾವುದೆಂಬ ವಿಚಾರವೇ ಹೆಚ್ಚು ಫಲಕಾರಿಯಾದುದು. ಈ ಮಧ್ಯವರ್ತಿಗೆ ವಿದ್ಯುದ್ವಿಭಾಜ್ಯವೆಂದು ಹೆಸರು. ಗ್ರೋವನ ಕೋಶದಲ್ಲಿ ಅದು ನೀರು ಬೆರೆಸಿದ ಗಂಧಕಾಮ್ಲ, ಬರಿಯ ದ್ರವ. 1889ರಲ್ಲಿ ಲುಡ್ವಿಗ್ ಮಾಂಡ್, ಕಾರ್ಲ್ ಲ್ಯಾಂಗರ್ ಎಂಬಿಬ್ಬರು ಆ ಆಮ್ಲವನ್ನು ರಂಧ್ರಮಯವಾದ ಹಲಗೆಯಲ್ಲಿ ಹೀರಿಸಿ ನಿಲ್ಲಿಸಿದರು. ಚರಿತ್ರಕಾರರು ಒಂದೇ ವಾಕ್ಯದಲ್ಲಿ ದಾಟಿಹೋಗುವ ಈ ಹಲಗೆಯೇ ಇಂದಿನ ಪೊರೆಯ ಪೂರ್ವಜವೆಂದು ನನ್ನ ಮತ. ಹರಿಯುವ ದ್ರವಕ್ಕೆ ಒಂದು ನೆಲೆ ದೊರೆತದ್ದು ಅಲ್ಲಿಯೇ.

ಆಧಾರ ಬೇರೆ, ಆಮ್ಲ ಬೇರೆ ಎಂಬ ಭೇದವನ್ನು ಅಳಿಸಿದವನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಥಾಮಸ್ ಗ್ರಬ್. 1955ರಲ್ಲಿ ಅವನು ಪಾಲಿಮರ್ ಪೊರೆಯನ್ನೇ ವಿದ್ಯುದ್ವಿಭಾಜ್ಯವನ್ನಾಗಿ ಬಳಸಿದನು. ಇಂತಹ ಪೊರೆಯಲ್ಲಿ ಆಮ್ಲಾಂಶವು ಪಾಲಿಮರಿನ ಸರಪಣಿಗೇ ಬಿಗಿದುಕೊಂಡಿರುವುದು. ಸಂಚರಿಸುವುದು ಪ್ರೋಟಾನ್ ಮಾತ್ರ, ಅದೂ ನೀರಿನ ಆಶ್ರಯದಿಂದ. ಕನ್ನಡದಲ್ಲಿ ‘ಪೊರೆ’ ಎಂಬುದು ತೆಳುತೊಗಲಿಗೂ ಸಲಹುವ ಕ್ರಿಯೆಗೂ ಸಲ್ಲುವ ಮಾತು. ಎರಡರ ಧಾತು ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲವಾದರೂ, ಇಲ್ಲಿ ಎರಡರ್ಥವೂ ಒಪ್ಪುವುದು: ವಾಯುಗಳನ್ನು ಬೇರ್ಪಡಿಸುವ ಪೊರೆಯು ನೀರನ್ನೂ ಪೊರೆಯಬೇಕು.

1965ರಲ್ಲಿ ಜೆಮಿನಿ 5 ಎಂಬ ವ್ಯೋಮನೌಕೆಯಲ್ಲಿ ಪೊರೆಯ ಇಂಧನಕೋಶವು ಬಳಕೆಗೆ ಬಂದಿತು. ಅದರ ಪಾಲಿಸ್ಟೈರೀನ್ ಜಾತಿಯ ಪೊರೆಯು ಬೇಗನೆ ಕ್ಷಯಿಸುವಂತಹುದು. ಡುಪಾಂಟ್ ಸಂಸ್ಥೆಯಲ್ಲಿ ವಾಲ್ಥರ್ ಗ್ರೋಟನು ನಿರ್ಮಿಸಿದ ಫ್ಲೂರಿನ್‌ಯುಕ್ತ ನಾಫಿಯಾನಿನಿಂದ ಆ ಕೊರತೆ ಬಹುಮಟ್ಟಿಗೆ ನೀಗಿತು. ಆದರೂ ನೀರಿನ ಚಿಂತೆ ಉಳಿಯಿತು. ಉಷ್ಣವು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಪೊರೆ ಒಣಗಿ ವಹನಶಕ್ತಿ ಕುಗ್ಗುವುದು; ಉಷ್ಣವನ್ನು ತಗ್ಗಿಸಿದರೆ ಇಂಧನದಲ್ಲಿ ಬೆರೆತ ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಮಿಗೆ ವಿಷಪ್ರಾಯವಾಗುವುದು.

ನ್ಯಾನೊಸಂಯುಕ್ತ ಪೊರೆಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಅಂತಹ ಕೆಲವೇ ಮಾನಗಳಷ್ಟು ಸೂಕ್ಷ್ಮವಾದ ಸಿಲಿಕಾ, ಟೈಟಾನಿಯಾ ಮುಂತಾದವುಗಳ ಕಣಗಳು ಪೊರೆಯೊಳಗೆ ನೀರನ್ನು ಹಿಡಿದಿಡುವುವು. ಜಪಾನಿನ ಮಸಾಹಿರೊ ವಾಟನಾಬೆ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಉಪಾಯವು ಇನ್ನೂ ರಮ್ಯವಾದುದು. ಪೊರೆಯೊಳಗೆ ಪ್ಲಾಟಿನಂ ಕಣಗಳನ್ನೂ ಹುದುಗಿಸಿದರೆ, ಇಬ್ಬದಿಯಿಂದ ನುಸುಳುವ ವಾಯುಗಳು ಅಲ್ಲಿಯೇ ಕೂಡಿ ನೀರಾಗುವುವು. ಆ ನೀರನ್ನು ನೆರೆಯ ಆಕ್ಸೈಡ್ ಕಣಗಳು ಹೀರಿಕೊಳ್ಳುವುವು. ವ್ಯರ್ಥವಾಗತಕ್ಕ ಸೋರಿಕೆಯೇ ಪೊರೆಗೆ ಆರ್ದ್ರತೆಯಾಯಿತು.

ಕಣಗಳನ್ನು ಮಿತಿಮೀರಿ ಬೆರೆಸುವಂತಿಲ್ಲ. ಸಿಲಿಕಾ ತಾನಾಗಿ ಪ್ರೋಟಾನನ್ನು ಚೆನ್ನಾಗಿ ವಹಿಸದು; ಹೆಚ್ಚಾದರೆ ದಾರಿಗೆ ಅಡ್ಡವಾಗುವುದಲ್ಲದೆ, ಪೊರೆಯು ಬಾಗುವ ಗುಣವನ್ನು ಕಳೆದುಕೊಂಡು ಬಿರಿಯುವುದು.