ಕಡಲು ದಾಟಿದವರಿಗೆ ಬಹಿಷ್ಕಾರ

ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿ 1888ರಲ್ಲಿ ಮುಂಬೈ ತಲುಪಿದಾಗ ಅವರ ಮೋಢ ಬನಿಯಾ ಜಾತಿಯವರು ಸಭೆ ಸೇರಿದರು. ಸಮುದ್ರ ದಾಟುವುದು ಧರ್ಮಕ್ಕೆ ವಿರುದ್ಧ ಎಂಬುದು ಜಾತಿಯ ಮುಖಂಡರಾದ ಶೇಠರ ತೀರ್ಪು. 18ರ ತರುಣ ಮಣಿಯಲಿಲ್ಲ. ಬಹಿಷ್ಕಾರ ಬಿತ್ತು. ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದೂಕಾಲು ರೂಪಾಯಿ ದಂಡ.

ಈ ನಿಷೇಧ ಬಹಳ ಹಳೆಯದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತಿತನಾಗಿಸುವ ಕೃತ್ಯಗಳಲ್ಲಿ ಸೇರಿಸಿ ಮೂರು ವರ್ಷಗಳ ಪ್ರಾಯಶ್ಚಿತ್ತ ವಿಧಿಸುತ್ತದೆ. ಸ್ವಾರಸ್ಯವೆಂದರೆ, ಅದೇ ಗ್ರಂಥ ಸಮುದ್ರಯಾನವು ಉತ್ತರದವರ ರೂಢಿ ಎಂದೂ ಹೇಳುತ್ತದೆ. ಬೇಡವೆಂದ ಕಾಲದಲ್ಲೂ ಜನ ಹೋಗುತ್ತಲೇ ಇದ್ದರು ಎಂದಾಯಿತು. ನಮ್ಮ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ವರ್ತಕ ಸಂಘದ ಉಲ್ಲೇಖವಿರುವ 1088ರ ತಮಿಳು ಶಾಸನ ದೂರದ ಸುಮಾತ್ರ ದ್ವೀಪದಲ್ಲಿ ದೊರೆತಿದೆ.

ಹಾಗಾದರೆ ನಿಷೇಧ ಕಾಯುತ್ತಿದ್ದುದು ಏನನ್ನು? ಹಡಗಿನಲ್ಲಿ ಮಡಿ, ಸಂಧ್ಯಾವಂದನೆ ನಡೆಯದು, ಯಾರದೋ ಕೈಯ ಅಡುಗೆ ಉಣ್ಣಬೇಕಾದೀತು ಎಂಬುದು ಸಂಪ್ರದಾಯಸ್ಥರ ವಾದ. ಜಾತಿಯ ಗಡಿ ಉಳಿಯಬೇಕೆನ್ನುವವರಿಗೆ ಅದು ನಿಜವಾದ ಭಯವೇ. ಹಣವಿದ್ದವರು ಇದಕ್ಕೂ ದಾರಿ ಕಂಡುಕೊಂಡರು. ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಇಂಗ್ಲೆಂಡಿಗೆ ಹೋದಾಗ ಭಾರೀ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಬಡ ಸಿಪಾಯಿಗೆ ಆ ಅನುಕೂಲ ಎಲ್ಲಿಯದು? ಬಂಗಾಳ ಸೈನ್ಯಕ್ಕೆ ಹೊಸದಾಗಿ ಸೇರುವವರು ಕಡಲಾಚೆಗೂ ಹೋಗಬೇಕೆಂದು 1856ರಲ್ಲಿ ಬಂದ ಕಾನೂನು, ಮರುವರ್ಷದ ದಂಗೆಗೆ ಕಾರಣವಾದ ಅಸಮಾಧಾನಗಳಲ್ಲೊಂದು.

ಗಾಂಧೀಜಿಯ ಮೇಲೆ ಇನ್ನೊಂದು ನಿರ್ಬಂಧವೂ ಇತ್ತು. ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ತಾಯಿ ಪುತಲೀಬಾಯಿಯ ಎದುರು ಮಾಡಿದ ಪ್ರತಿಜ್ಞೆ ಅದು. ಲಂಡನ್ನಿನಲ್ಲಿ ಅವರನ್ನು ಕಾದದ್ದು ಆ ಮಾತೇ ಹೊರತು ಪಂಚಾಯಿತಿಯ ದಂಡವಲ್ಲ. ಒಂದು ತಾನಾಗಿ ಒಪ್ಪಿದ್ದು, ಇನ್ನೊಂದು ಹೇರಿದ್ದು. 1891ರಲ್ಲಿ ಮರಳಿದಾಗ ತಾಯಿ ಇರಲಿಲ್ಲ, ಬಹಿಷ್ಕಾರ ಮಾತ್ರ ಇತ್ತು. ಅಣ್ಣ ನಾಸಿಕದಲ್ಲಿ ಪುಣ್ಯಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಆದರೂ ಒಂದು ಬಣ ಪಟ್ಟು ಬಿಡಲಿಲ್ಲ. ಗುಟ್ಟಾಗಿ ಸತ್ಕರಿಸಲು ನೆಂಟರು ಸಿದ್ಧರಿದ್ದರೂ, ಬಹಿರಂಗವಾಗಿ ಮಾಡಲಾಗದ್ದನ್ನು ಕದ್ದು ಮಾಡಲೊಲ್ಲದ ಗಾಂಧೀಜಿ ಅತ್ತೆಮಾವಂದಿರ ಮನೆಯಲ್ಲಿ ನೀರನ್ನೂ ಕುಡಿಯಲಿಲ್ಲ.

ಇಂದು ಗೃಹಸ್ಥರ ಮಟ್ಟಿಗೆ ಈ ನಿಷೇಧ ಸದ್ದಿಲ್ಲದೆ ಸತ್ತಿದೆ. ಮಗ ಅಮೆರಿಕದಲ್ಲಿದ್ದಾನೆಂದು ಯಾವ ಮನೆಯೂ ಪ್ರಾಯಶ್ಚಿತ್ತಕ್ಕೆ ಪುರೋಹಿತರನ್ನು ಹುಡುಕುವುದಿಲ್ಲ. ಯತಿಗಳ ವಿಷಯ ಬೇರೆ. ವಿದೇಶಯಾತ್ರೆ ಮಾಡಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಶ್ರೀಕೃಷ್ಣನ ವಿಗ್ರಹ ಮುಟ್ಟಿ ಪೂಜಿಸಬಹುದೇ ಎಂಬ ವಿವಾದ 2008ರ ಉಡುಪಿ ಪರ್ಯಾಯದಲ್ಲಿ ಎದ್ದಿತು. 2024ರಲ್ಲಿ ಅವರು ಮತ್ತೆ ಪರ್ಯಾಯ ಪೀಠವೇರುವ ಹೊತ್ತಿಗೂ ಆ ಹಳೆಯ ಪ್ರಶ್ನೆ ಕೇಳಿಬಂತು.