ಧ್ರುವದ ಹಾದಿ

ಗೋಡೆಯ ಭೂಪಟವನ್ನು ನೋಡುವವರಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹಾದಿಯು ಸಮುದ್ರಗಳ ಮೇಲೆ ಅಡ್ಡಲಾಗಿ ಬರುವಂತೆ ತೋರುವುದು. ಭೂಗೋಳದ ಮೇಲೆ ದಾರವಿಟ್ಟು ಬಿಗಿದು ಎಳೆದರೆ ಅದು ಉತ್ತರಧ್ರುವದ ಕಡೆಗೆ ಸರಿಯುವುದು. ಉದ್ದ ಸುಮಾರು 14,000 ಕಿಲೋಮೀಟರು. 2021ನೆಯ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಎಲ್ಲಿಯೂ ತಂಗದೆ ಈ ಧ್ರುವಮಾರ್ಗವನ್ನೇ ಹಿಡಿದು ಬಂದಿತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲರೂ ಅವರ ಮೂವರು ಸಂಗಡಿಗರೂ, ನಾಲ್ವರೂ ಸ್ತ್ರೀಯರು. ಹಾರಾಟದ ಕಾಲ ಸುಮಾರು 17 ಗಂಟೆ. ಆದರೆ ಎರಡು ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ಅಂತರವಿರುವುದರಿಂದ ಬೆಂಗಳೂರಿನಲ್ಲಿ ಇಳಿದಾಗ 11ನೆಯ ತಾರೀಖಿನ ಬೆಳಗಿನ ಜಾವ. 10ನೆಯ ತಾರೀಖು ಆಕಾಶದಲ್ಲಿಯೇ ಕಳೆದುಹೋಗಿದ್ದಿತು. ಮಕ್ಕಳನ್ನು ಕಾಣಲೆಂದು ಜಯನಗರ, ಬನಶಂಕರಿಗಳಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುತ್ತಿದ್ದ ವೃದ್ಧರಿಗೆ ಇದರಿಂದಾದ ದೊಡ್ಡ ಲಾಭ ಗಂಟೆಗಳದಲ್ಲ. ಪರದೇಶದ ನಿಲ್ದಾಣದಲ್ಲಿ ಅಪರಾತ್ರಿಯಲ್ಲಿ ವಿಮಾನ ಬದಲಿಸುವ ತೊಡಕು ತಪ್ಪಿದುದು.