ಗಾಯಾಳುಗಳ ರಕ್ತಪೂರಣ ಮತ್ತು ಕ್ಯಾಲ್ಸಿಯಂ ಕೊರತೆ

ತೀವ್ರ ಗಾಯವಾಗಿ ರಕ್ತ ಕಳೆದುಕೊಂಡವರ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಸಹಜ ಮಟ್ಟಕ್ಕಿಂತ, ಅಂದರೆ ಲೀಟರಿಗೆ ಸುಮಾರು 1.1 ಮಿಲಿಮೋಲ್‌ಗಿಂತ ಕೆಳಗೆ ಇಳಿಯುವ ಸ್ಥಿತಿ ಇದು. ಕಾರಣದ ಒಂದು ಭಾಗ ರಕ್ತದ ಚೀಲದಲ್ಲೇ ಇದೆ. 1914ರಲ್ಲಿ ಬ್ರಸೆಲ್ಸ್‌ನ ಆಲ್ಬರ್ಟ್ ಹಸ್ಟಿನ್ ಮತ್ತು ಬ್ಯೂನಸ್ ಐರಿಸ್‌ನ ಲೂಯಿಸ್ ಅಗೋಟೆ ಸಿಟ್ರೇಟ್ ಬೆರೆಸಿದ ರಕ್ತವನ್ನು ರೋಗಿಗಳಿಗೆ ಕೊಟ್ಟು ತೋರಿಸಿದ ಮೇಲೆ ರಕ್ತವನ್ನು ಶೇಖರಿಸಿಡುವುದು ಸಾಧ್ಯವಾಯಿತು. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತದೆ; ಚೀಲದಲ್ಲಿ ಬೇಕಾದ ಅದೇ ಗುಣ, ರಕ್ತಸ್ರಾವ ನಿಲ್ಲಬೇಕಾದ ದೇಹದಲ್ಲಿ ಅಪಾಯ. ಕ್ಯಾಲ್ಸಿಯಂ ಇಳಿದರೆ ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ, ಹೃದಯದ ಬಡಿತ ಬಲಗುಂದುತ್ತದೆ, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ.

ಆರೋಗ್ಯವಂತರ ಯಕೃತ್ತು ಒಂದು ಚೀಲದ ಸುಮಾರು 3 ಗ್ರಾಂ ಸಿಟ್ರೇಟನ್ನು ಐದೇ ನಿಮಿಷದಲ್ಲಿ ಕರಗಿಸಬಲ್ಲದು, ಹಾಗಿದ್ದಮೇಲೆ ಆತಂಕವೇಕೆ ಎಂದು ಕೇಳಬಹುದು. ಆದರೆ ಮೈ ತಣ್ಣಗಾಗಿ, ಒತ್ತಡ ಬಿದ್ದುಹೋಗಿ, ಯಕೃತ್ತಿಗೇ ರಕ್ತ ಸಾಲದ ಗಾಯಾಳುವಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಚೀಲದ ಮೇಲೆ ಚೀಲ ವೇಗವಾಗಿ ಏರಿಸುವಾಗಲಂತೂ ಇಲ್ಲವೇ ಇಲ್ಲ. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ: ಒಂದು ಹನಿ ರಕ್ತವೂ ಸಿಗುವ ಮೊದಲೇ, ತೀವ್ರ ಗಾಯಾಳುಗಳಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನರಿಗೆ ಆಸ್ಪತ್ರೆಗೆ ಬರುವಾಗಲೇ ಈ ಕೊರತೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಹಲವು ಚೀಲ ಮುಗಿದ ಮೇಲೆ ನೋಡಿದರಾಯಿತು ಎಂಬ ಹಳೆಯ ರೂಢಿಯನ್ನು ಬಿಡಲೇಬೇಕು. ತುಟಿ ಜುಮ್ಮೆನ್ನುವುದು, ಕೈಬೆರಳು ಸೆಟೆದುಕೊಳ್ಳುವುದು ಇದರ ಪರಿಚಿತ ಲಕ್ಷಣಗಳು. ಪ್ರಜ್ಞೆ ಇಲ್ಲದವರು ಅವನ್ನು ಹೇಳಲಾರರು. ಒಟ್ಟು ಕ್ಯಾಲ್ಸಿಯಂ ಪರೀಕ್ಷೆಯೂ ದಾರಿ ತಪ್ಪಿಸಬಹುದು, ಏಕೆಂದರೆ ಸಿಟ್ರೇಟಿಗೆ ಅಂಟಿಕೊಂಡದ್ದೂ ಅದರ ಲೆಕ್ಕಕ್ಕೆ ಸೇರುತ್ತದೆ. ಬ್ಲಡ್ ಗ್ಯಾಸ್ ಯಂತ್ರದಲ್ಲಿ ಅಯಾನು ಕ್ಯಾಲ್ಸಿಯಂ ಅಳೆಯುವುದೇ ಸರಿ, ಅದೂ ಮೊದಲ ಸ್ಯಾಂಪಲ್‌ನಿಂದಲೇ.

ಕೊರತೆಯೇ ಸಾವಿಗೆ ಕಾರಣವೋ, ಗಾಯದ ತೀವ್ರತೆಯ ಗುರುತು ಮಾತ್ರವೋ ಎಂಬ ಆಕ್ಷೇಪಕ್ಕೆ ತೂಕವಿದೆ. ಬಹುಪಾಲು ಪುರಾವೆ ರೋಗಿಗಳ ದಾಖಲೆಗಳನ್ನು ಹಿಂದಿರುಗಿ ನೋಡಿ ಪಡೆದದ್ದು. ಕ್ಯಾಲ್ಸಿಯಂ ಮಟ್ಟ ಅತಿಯಾಗಿ ಏರಿದರೂ ಹಾನಿ ಇದೆ. ಇದು ಕ್ಯಾಲ್ಸಿಯಂ ಅನ್ನು ಕಣ್ಣುಮುಚ್ಚಿ ಕೊಡುವುದರ ವಿರುದ್ಧದ ವಾದ, ಅಳೆದು ಸರಿಪಡಿಸುವುದರ ವಿರುದ್ಧದ್ದಲ್ಲ. ಕೊಡುವಾಗ 10 ಮಿಲಿಲೀಟರ್‌ನ ಶೇ. 10ರ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಸುಮಾರು 270 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಗ್ಲೂಕೊನೇಟ್‌ನಲ್ಲಿ ಸುಮಾರು 93 ಮಾತ್ರ ಎಂಬುದು ನೆನಪಿರಬೇಕು. ಕ್ಲೋರೈಡ್ ನಾಳದಿಂದ ಹೊರಗೆ ಸೋರಿದರೆ ಅಂಗಾಂಶ ಸುಡುತ್ತದೆ, ಹಾಗಾಗಿ ದೊಡ್ಡ ರಕ್ತನಾಳವೇ ಬೇಕು. ರಕ್ತ ಹರಿಯುತ್ತಿರುವ ಡ್ರಿಪ್ ಕೊಳವೆಯಲ್ಲೇ ಯಾವುದನ್ನೂ ಸೇರಿಸಬಾರದು, ಅಲ್ಲೇ ಹೆಪ್ಪುಗಟ್ಟಬಹುದು.